ಅರಸನ ಕೃತ್ಯ, ಅರಸನ ಅಂತರಂಗ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತವರು ಸಂತೋಷದ ಮಾತುಗಳನ್ನೇ ಆಡಬೇಕೆಂಬುದು ರೂಢಿ. ಹಿರಿಯರು ಕಲ್ಲು ಹೊತ್ತುದು, ಹೆಂಚು ತರಿಸಿದುದು, ಮೊದಲ ಬಲಿಪೂಜೆ ನಡೆದುದು, ಇವನ್ನೆಲ್ಲ ನಮಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿಯೇ ಬರೆದಿದ್ದಾರೆ. ನಮಗೆ ಒಪ್ಪಿಸಲಾದ ವಿಷಯವಾದರೋ ಅಷ್ಟು ಹಿತಕರವಾದುದಲ್ಲ: ಪವಿತ್ರ ಗ್ರಂಥದಲ್ಲಿ ಬರುವ ದಬ್ಬಾಳಿಕೆಯ ಅರಸರು, ಮತ್ತು ಅವರ ಉದ್ದೇಶಗಳನ್ನು ಅಳೆಯುವ ಬಗೆ. ಇಂಥ ಹಬ್ಬದ ದಿನ ಇದೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸೀತು. ಒಂದು ಸಣ್ಣ ಪ್ರಸಂಗವನ್ನು ಹೇಳಿದರೆ ಕಾರಣ ತಿಳಿಯುತ್ತದೆ.

ಯುವಕರ ಸಂಘದವರೊಡನೆ ನಾವು ಒಮ್ಮೆ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಗಿದ್ದೆವು. ಕೋಟೆ ಹತ್ತಿ, ಒಳಗಿನ ಅಕ್ಕ-ತಂಗಿ ಕೊಳಗಳನ್ನು ನೋಡಿ, ಹಿಂದಿರುಗುವಾಗ ಒಂದು ಚಹಾದಂಗಡಿಯಲ್ಲಿ ಕುಳಿತೆವು. ಅಲ್ಲಿ ಇಬ್ಬರು ತರುಣರಿಗೆ ವಾದ ಹತ್ತಿತು. ಒಬ್ಬನೆಂದ: ‘ನಮ್ಮವರನ್ನು ಶ್ರೀರಂಗಪಟ್ಟಣಕ್ಕೆ ಎಳೆದೊಯ್ದದ್ದು ಬರೀ ಮತದ್ವೇಷ.’ ಇನ್ನೊಬ್ಬ ಅಷ್ಟೇ ಬಿಸಿಯಾಗಿ, ‘ಅಲ್ಲ, ಅದು ರಾಜಕೀಯ, ನಮ್ಮವರು ಇಂಗ್ಲಿಷರಿಗೆ ಸಹಾಯ ಮಾಡಿದ್ದರು’ ಎಂದ. ಅಂಗಡಿಯ ಯಜಮಾನರು ವಯಸ್ಸಾದ ಮುಸಲ್ಮಾನರು. ಮಾತೆಲ್ಲ ಅವರ ಕಿವಿಗೆ ಬೀಳುತ್ತಿತ್ತು. ಅವರು ಏನೂ ಹೇಳದೆ ಲೋಟಗಳನ್ನು ತಂದಿಟ್ಟರು. ಆಗ ತರುಣರಿಬ್ಬರೂ ನಮ್ಮ ಕಡೆ ತಿರುಗಿ, ‘ನೀವು ಹೇಳಿ, ಯಾವುದು ಸರಿ?’ ಎಂದು ಕೇಳಿದರು. ನಾವು ಗಡಿಯಾರ ನೋಡಿ, ಬಸ್ಸಿಗೆ ಹೊತ್ತಾಯಿತು ಎಂದೆವು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಅಂದು ಕೊಡಲಾರದ ಉತ್ತರವನ್ನು ಇಂದು ಕೊಡಲು ಯತ್ನಿಸುತ್ತೇವೆ.

ಪವಿತ್ರ ಗ್ರಂಥದಿಂದಲೇ ಆರಂಭಿಸೋಣ. ದುಷ್ಟ ಅರಸನೆಂದೊಡನೆ ನಮಗೆ ನೆನಪಾಗುವವನು ಹೆರೋದ. ಅವನ ವಿಷಯದಲ್ಲಿ ಶುಭಸಂದೇಶಕಾರ ಮತ್ತಾಯನು ನಮಗೆ ಹೆಚ್ಚು ಕೆಲಸ ಉಳಿಸಿಲ್ಲ. ಸಿಂಹಾಸನ ಕೈಬಿಟ್ಟೀತೆಂಬ ಭಯವೇ ಬೆತ್ಲೆಹೇಮಿನ ಹಸುಳೆಗಳ ಕೊಲೆಗೆ ಕಾರಣವೆಂಬುದು ಅಲ್ಲಿ ಸ್ಪಷ್ಟವಾಗಿದೆ. ಆದರೆ ಎಲ್ಲ ಅರಸರ ಮನಸ್ಸೂ ಹೀಗೆ ತೆರೆದಿಟ್ಟ ಪುಸ್ತಕವಲ್ಲ. ಬಾಬಿಲೋನಿಯದ ನೆಬೂಕದ್ನೆಚ್ಚರನನ್ನು ನೋಡಿ. ಕ್ರಿಸ್ತಪೂರ್ವ 597ರಲ್ಲಿ ಜೆರುಸಲೇಮನ್ನು ಹಿಡಿದು ಅರಸ ಯೆಹೋಯಾಕೀನನನ್ನು ಸೆರೆಯೊಯ್ದವನು ಅವನು. ಸುಮಾರು ಹತ್ತು ವರ್ಷಗಳ ಬಳಿಕ ಮತ್ತೆ ಬಂದು ದೇವಾಲಯವನ್ನು ಸುಟ್ಟು, ಚಿದ್ಕೀಯನ ಮಕ್ಕಳನ್ನು ಅವನ ಕಣ್ಣೆದುರೇ ಕೊಲ್ಲಿಸಿ, ಆಮೇಲೆ ಆ ಕಣ್ಣುಗಳನ್ನೇ ಕೀಳಿಸಿದವನೂ ಅವನೇ. ಒಂದು ಜನಾಂಗವನ್ನು ಮನೆಮಠಗಳಿಂದ ಕಿತ್ತು ದೂರದ ನಾಡಿಗೆ ನಡೆಸಿದ ಅರಸನೆಂದರೆ ಬೈಬಲಿನಲ್ಲಿ ಮೊದಲು ಹೇಳಬೇಕಾದ ಹೆಸರು ಇದು.

ಎಷ್ಟು ಜನ ಸೆರೆಹೋದರು? ಅರಸುಗಳ ಎರಡನೆಯ ಗ್ರಂಥವು ಒಂದು ಕಡೆ ಹತ್ತು ಸಾವಿರವೆನ್ನುತ್ತದೆ. ಅದೇ ಅಧ್ಯಾಯದಲ್ಲಿ, ಎರಡೇ ವಚನಗಳ ಅನಂತರ, ಏಳು ಸಾವಿರ ಯೋಧರು ಮತ್ತು ಸಾವಿರ ಕುಶಲಕರ್ಮಿಗಳ ಲೆಕ್ಕ ಬರುತ್ತದೆ. ಯೆರೆಮೀಯನ ಗ್ರಂಥದ ಕೊನೆಯ ಅಧ್ಯಾಯವಾದರೋ ಮೂರು ಸಲದ ಸೆರೆಯನ್ನೂ ಬಿಡಿಬಿಡಿಯಾಗಿ ಬರೆದು, 3,023, 832, 745, ಒಟ್ಟು 4,600 ಎಂದು ಮೊತ್ತ ಹಾಕುತ್ತದೆ. ಪವಿತ್ರ ಗ್ರಂಥವನ್ನು ಒಟ್ಟುಗೂಡಿಸಿದವರು ಈ ಅಂತರವನ್ನು ಕಾಣದವರಲ್ಲ. ಆದರೂ ಒಂದನ್ನು ಉಳಿಸಿ ಇನ್ನೊಂದನ್ನು ಅಳಿಸಲಿಲ್ಲ. ಸೆರೆಹೋದವರ ನೋವು ಲೆಕ್ಕದ ಜಗಳದಲ್ಲಿ ಕಳೆದುಹೋಗಬಾರದೆಂಬ ವಿವೇಕ ಅವರಲ್ಲಿತ್ತೆಂದು ನಮಗೆ ತೋರುತ್ತದೆ. ನಮ್ಮ ಹಿರಿಯರ ಸೆರೆಯ ವಿಷಯದಲ್ಲಿಯೂ ಒಬ್ಬರು 30,000 ಎನ್ನುತ್ತಾರೆ, ಇನ್ನೊಬ್ಬರು 60,000, ಮತ್ತೊಬ್ಬರು 80,000. ಆ ಸಂಖ್ಯೆಗಳನ್ನು ಹಿಡಿದು ಪತ್ರಿಕೆಗಳಲ್ಲಿ ನಡೆದ ಕಾದಾಟವನ್ನು ಓದಿದಾಗಲೆಲ್ಲ ನಮಗೆ ಯೆರೆಮೀಯನ ಆ ಅಧ್ಯಾಯ ನೆನಪಾಗುತ್ತದೆ.

ಇನ್ನು ಉದ್ದೇಶದ ಮಾತು. ನೆಬೂಕದ್ನೆಚ್ಚರನು ಏಕೆ ಹೀಗೆ ಮಾಡಿದ? ಅರಸುಗಳ ಗ್ರಂಥವನ್ನು ಕೇಳಿದರೆ, ಜುದೇಯದ ಅರಸ ದಂಗೆಯೆದ್ದ, ಅದಕ್ಕೆ ಮುತ್ತಿಗೆ ಬಂತು ಎನ್ನುತ್ತದೆ. ಪ್ರವಾದಿ ಎಜೆಕಿಯೇಲನು ಇನ್ನೂ ಕಟುವಾಗಿ, ಚಿದ್ಕೀಯನು ದೇವರ ಹೆಸರಿನಲ್ಲಿ ಇಟ್ಟ ಆಣೆಯನ್ನು ಮುರಿದು ಈಜಿಪ್ಟಿನ ಕಡೆ ಕೈಚಾಚಿದ ಎಂದು ತನ್ನವರನ್ನೇ ದೂರುತ್ತಾನೆ. ದಾನಿಯೇಲನ ಗ್ರಂಥದಲ್ಲಿ ಅವನು ತನ್ನ ಅರಮನೆಯ ಮಾಳಿಗೆಯ ಮೇಲೆ ಅಡ್ಡಾಡುತ್ತ ತಾನು ಕಟ್ಟಿದ ನಗರವನ್ನು ನೋಡಿ ಬೀಗುವ ಅಹಂಕಾರಿ. ಯೆರೆಮೀಯನು ಎಲ್ಲರನ್ನೂ ಬೆಚ್ಚಿಬೀಳಿಸುವಂತೆ, ದೇವರ ಬಾಯಿಂದಲೇ ಆ ಅರಸನನ್ನು ‘ನನ್ನ ದಾಸ’ ಎಂದು ಕರೆಯಿಸುತ್ತಾನೆ! ದೇವಾಲಯ ಸುಟ್ಟವನಿಗೆ ಈ ಬಿರುದೇ ಎಂದು ಆ ಕಾಲದ ಭಕ್ತರು ಹಲ್ಲು ಕಡಿದಿದ್ದರೆ ಆಶ್ಚರ್ಯವಿಲ್ಲ. ಯೆರೆಮೀಯನನ್ನು ಅವರು ಕೆಸರಿನ ಬಾವಿಗೆ ಇಳಿಸಿದುದಂತೂ ನಿಜ. ಆದರೆ ಆ ಬಿರುದು ಬಿಡುಗಡೆಯ ಪತ್ರವಲ್ಲ. ಅದೇ ಪ್ರವಾದಿ ಅದೇ ಅಧ್ಯಾಯದಲ್ಲಿ, ಎಪ್ಪತ್ತು ವರ್ಷ ತುಂಬಿದ ಮೇಲೆ ಬಾಬಿಲೋನಿಯದ ಅರಸನಿಗೂ ಅವನ ಅಪರಾಧಕ್ಕೆ ತಕ್ಕ ದಂಡನೆಯುಂಟೆಂದು ಸಾರುತ್ತಾನೆ.

ಈ ಗಂಟನ್ನು ಬಿಡಿಸಲು ಪ್ರವಾದಿ ಯೆಶಾಯನ ಹತ್ತನೆಯ ಅಧ್ಯಾಯ ನೆರವಾಗುತ್ತದೆ. ಅಲ್ಲಿ ಮಾತು ಅಸ್ಸೀರಿಯದ ಅರಸನದು. ದೇವರು ಅವನನ್ನು ಬೆತ್ತದಂತೆ ಬಳಸುತ್ತಾರೆ. ಆದರೆ ಅವನ ಹೃದಯದಲ್ಲಿರುವ ಯೋಚನೆಯೇ ಬೇರೆ, ಅವನಿಗೆ ಬೇಕಾದುದು ನಾಶ ಮತ್ತು ಕೊಳ್ಳೆ. ಕೃತ್ಯ ಒಂದೇ, ಅದರಲ್ಲಿ ದೇವರ ಸಂಕಲ್ಪವೇ ಬೇರೆ, ಅರಸನ ಉದ್ದೇಶವೇ ಬೇರೆ. ಗಮನಿಸಬೇಕಾದುದೇನೆಂದರೆ, ಅರಸನ ಹೃದಯದಲ್ಲಿ ಇಂಥದ್ದಿತ್ತು ಎಂದು ಹೇಳುವ ಅಧಿಕಾರವನ್ನು ಪ್ರವಾದಿ ದೇವರ ದೃಷ್ಟಿಯಿಂದ ಪಡೆಯುತ್ತಾನೆ. ಮನುಷ್ಯ ಹೊರಗಣ ರೂಪವನ್ನು ನೋಡುತ್ತಾನೆ, ದೇವರು ಹೃದಯವನ್ನು ನೋಡುತ್ತಾರೆ ಎಂಬುದು ಸಮುವೇಲನಿಗೆ ಬೆತ್ಲೆಹೇಮಿನಲ್ಲಿ ಕಲಿಸಲಾದ ಪಾಠ. ನಮಗೆ ಪ್ರವಾದಿಯ ಕಣ್ಣಿಲ್ಲ.

ಬಾಬಿಲೋನಿಯದವರೇ ಬರೆದಿಟ್ಟ ದಾಖಲೆಯೂ ದೊರೆತಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, 1956ರಲ್ಲಿ ಪ್ರಕಟವಾದ ಒಂದು ಮಣ್ಣಿನ ಹಲಗೆ, ಆ ಅರಸನ ಏಳನೆಯ ವರ್ಷದ ದಂಡಯಾತ್ರೆಯನ್ನು ಎರಡು ಮೂರು ಸಾಲಿನಲ್ಲಿ ಮುಗಿಸುತ್ತದೆ: ಜುದೇಯದ ನಗರವನ್ನು ಹಿಡಿದ, ಅರಸನನ್ನು ಸೆರೆಹಿಡಿದ, ತನಗೆ ಬೇಕಾದವನನ್ನು ಪಟ್ಟಕ್ಕೇರಿಸಿದ, ಭಾರಿ ಕಪ್ಪ ತಂದ. ಅಲ್ಲಿ ದ್ವೇಷದ ಸುಳಿವಿಲ್ಲ, ಪಶ್ಚಾತ್ತಾಪದ ಸುಳಿವೂ ಇಲ್ಲ. ಗುಮಾಸ್ತನೊಬ್ಬ ಕಂದಾಯ ಬರೆದ ಹಾಗಿದೆ. ಅತ್ತ ಸ್ತೋತ್ರಗಳಲ್ಲಿ ಬಾಬಿಲೋನಿಯದ ನದಿಗಳ ಬಳಿ ಕುಳಿತು ಅತ್ತವರ ಹಾಡಿದೆ. ಅದರ ಕೊನೆಯ ಸಾಲುಗಳು ಎಷ್ಟು ಭಯಂಕರವೆಂದರೆ ಈಗಿನ ದೈನಂದಿನ ಪ್ರಾರ್ಥನಾಗ್ರಂಥದಲ್ಲಿ ಅವನ್ನು ಬಿಟ್ಟಿದ್ದಾರೆ. ಬಿಟ್ಟದ್ದು ಸರಿಯೇ ಇರಬಹುದು, ಆದರೆ ಪವಿತ್ರ ಗ್ರಂಥದಿಂದ ಅವನ್ನು ಕಿತ್ತುಹಾಕಿಲ್ಲ. ನೊಂದವನ ಸಿಟ್ಟಿಗೂ ಅಲ್ಲಿ ಜಾಗವುಂಟು.

ಈಗ ನಮ್ಮ ನಾಡಿಗೆ ಬರೋಣ.

ನಾವು ನಿಂತಿರುವ ಈ ನೆಲ ಕೆಳದಿಯ ನಾಯಕರದು. ಕೆಳದಿ, ಇಕ್ಕೇರಿ, ಕೊನೆಗೆ ಬಿದನೂರು ಅವರ ರಾಜಧಾನಿಗಳು. ವೀರಶೈವ ಅರಸರಾದ ಇವರು ಪೋರ್ಚುಗೀಸರೊಡನೆ ಕಾದಾಡಿದರು, ಒಪ್ಪಂದವನ್ನೂ ಮಾಡಿಕೊಂಡರು. ಗೋವೆಯ ಕಡೆಯಿಂದ ಬಂದ ನಮ್ಮ ಜನರಿಗೆ ಘಟ್ಟದ ಕೆಳಗೆ ಬೇಸಾಯಕ್ಕೆ ನೆಲವನ್ನೂ ದೇವಾಲಯ ಕಟ್ಟಲು ಅನುಮತಿಯನ್ನೂ ಕೊಟ್ಟರು. ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿಯೇ, 1681ರಿಂದ 1684ರವರೆಗೆ, ಸಂತ ಜೋಸೆಫ್ ವಾಸರು ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿದರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ನಾವೆಲ್ಲ ಹಬ್ಬ ಮಾಡಿದೆವು. ಆ ಸಂಸ್ಥಾನ 1763ರಲ್ಲಿ ಹೈದರಾಲಿಯ ವಶವಾಯಿತು. ಬಿದನೂರು ಹೈದರನಗರವಾಯಿತು, ಕಾಲಕ್ರಮದಲ್ಲಿ ಹೈದರನ ಹೆಸರು ಉದುರಿ ಬರೀ ‘ನಗರ’ ಉಳಿಯಿತು.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡ. ಮರು ತಿಂಗಳೇ ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿ ಬಂದ. ನಗರದ ಕೋಟೆ ಹೋರಾಟವಿಲ್ಲದೆ ಅವನ ಕೈ ಸೇರಿತು. ಕೋಟೆಯನ್ನು ಒಪ್ಪಿಸಿದವನು ಕ್ರೈಸ್ತನಲ್ಲ. ಹೈದರನೇ ಸಾಕಿ ಬೆಳೆಸಿದ, ಟಿಪ್ಪುವಿನೊಡನೆ ವೈಮನಸ್ಯವಿದ್ದ ಅಧಿಕಾರಿ ಅಯಾಜ್ ಖಾನ್. ಈ ಸಂಗತಿಯನ್ನು ನಮ್ಮ ತರುಣರು ಮರೆಯಬಾರದು. ಹಾಗೆಯೇ ಇನ್ನೊಂದನ್ನೂ ಮರೆಯಬಾರದು. ಸಾಗರ ತಾಲ್ಲೂಕಿನ ಆನಂದಪುರದ ಕೋಟೆಯನ್ನು ಮ್ಯಾಥ್ಯೂಸನ ದಂಡು ನುಗ್ಗಿ ಹಿಡಿದಾಗ ಒಳಗಿದ್ದ ಸಿಪಾಯಿಗಳಿಗೆ ಪ್ರಾಣಭಿಕ್ಷೆ ಕೊಡಲಿಲ್ಲ. ಹೆಂಗಸರನ್ನೂ ಕೊಂದರೆಂಬ ವರದಿ ಲಂಡನ್ನಿನಲ್ಲಿ ಅಚ್ಚಾಯಿತು, ಆ ದಂಡಿನ ಅಧಿಕಾರಿಗಳು ಅದನ್ನು ಅಲ್ಲಗಳೆದರು. ಕೊಂದವರು ಹೆಸರಿಗೆ ಕ್ರೈಸ್ತರೇ. ಬಸ್ಸಿನಲ್ಲಿ ಆನಂದಪುರವನ್ನು ಹಾದು ಶಿವಮೊಗ್ಗಕ್ಕೆ ಹೋಗುವ ನಮ್ಮಲ್ಲಿ ಎಷ್ಟು ಜನ ಇದನ್ನು ಕೇಳಿದ್ದೇವೆ?

ಟಿಪ್ಪು 1783ರ ಬೇಸಿಗೆಯಲ್ಲಿ ನಗರವನ್ನು ಮರಳಿ ಪಡೆದ. ಮ್ಯಾಥ್ಯೂಸ್ ಸೆರೆಯಲ್ಲಿಯೇ ಸತ್ತ. ಅಲ್ಲಿಂದ ಮಂಗಳೂರಿನ ಮುತ್ತಿಗೆ. 1784ರ ಜನವರಿಯ ಕೊನೆಗೆ ಆ ಕೋಟೆಯೂ ಶರಣಾಯಿತು. ಆ ವರ್ಷದ ತಪಸ್ಸುಕಾಲದ ಆರಂಭದಲ್ಲಿ, ಹಿರಿಯರ ಮಾತಿನಂತೆ ವಿಭೂತಿ ಬುಧವಾರದಂದೇ, ಕರಾವಳಿಯ ನಮ್ಮ ಜನರನ್ನು ಸೆರೆಹಿಡಿಯಲಾಯಿತು. ಧರ್ಮಗುರುಗಳನ್ನು ಹೊರದೂಡಿದರು, 27 ದೇವಾಲಯಗಳನ್ನು ಕೆಡವಿದರೆಂದು ಲೆಕ್ಕ. ಮುದುಕರು, ಬಸುರಿಯರು, ಎಳೆಗೂಸುಗಳು ಸಹಿತ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಹಾದಿಯಲ್ಲಿ ಸತ್ತವರೆಷ್ಟೋ. ಅಲ್ಲಿ ಅನೇಕರನ್ನು ಬಲಾತ್ಕಾರದಿಂದ ಮತಾಂತರಿಸಿದರು. ಸೆರೆ ಬಿಟ್ಟದ್ದು 1799ರ ಮೇ 4ರಂದು, ಟಿಪ್ಪು ಕೋಟೆಯ ಬಾಗಿಲಲ್ಲಿ ಮಡಿದ ದಿನ. ಹದಿನೈದು ವರ್ಷ! ಸೆರೆಗೆ ಹೋದ ಮಗು ಮದುವೆಯ ವಯಸ್ಸಿಗೆ ಬಂದಿತ್ತು.

ಇದು ಕೃತ್ಯ. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಸಂಖ್ಯೆ ಯಾವುದೇ ಇರಲಿ, ಇದು ಮಹಾ ಅನ್ಯಾಯ. ಆದರೆ ಏಕೆ?

ರಾಜಕೀಯವೆನ್ನುವವರಿಗೆ ಆಧಾರವುಂಟು. ಇಂಗ್ಲಿಷರೊಡನೆ ಸಂಧಿ ಆದುದು ಮಾರ್ಚ್ 11ರಂದು. ಸೆರೆ ಹಿಡಿದಾಗ ಯುದ್ಧ ಇನ್ನೂ ಮುಗಿದಿರಲಿಲ್ಲ. ನಮ್ಮವರು ಮ್ಯಾಥ್ಯೂಸನಿಗೆ ಹಣ, ಧಾನ್ಯ ಒದಗಿಸಿದರೆಂಬ ಆಪಾದನೆಯಿತ್ತು. ಟಿಪ್ಪುವಿನ ಸೇನೆಯಲ್ಲಿ ಫ್ರೆಂಚ್ ಕ್ರೈಸ್ತರು ಸಂಬಳ ಪಡೆದು ಕಾದುತ್ತಿದ್ದರು. ಕ್ರೈಸ್ತರೆಂಬ ಒಂದೇ ಕಾರಣಕ್ಕೆ ದ್ವೇಷವಿದ್ದರೆ ಅವರೇಕೆ ಬೇಕಿದ್ದರು? ಮತದ್ವೇಷವೆನ್ನುವವರಿಗೂ ಆಧಾರವುಂಟು. ಹಣ ಕೊಟ್ಟವರು ನಾಲ್ಕು ಜನ ಸಾಹುಕಾರರಾಗಿದ್ದರೆ ತೊಟ್ಟಿಲ ಮಗುವಿನ ಅಪರಾಧವೇನು? ರಾಜದ್ರೋಹಕ್ಕೆ ದಂಡನೆ ಕೊಡುವವನು ಮತಾಂತರವನ್ನೇಕೆ ಮಾಡಿಸಬೇಕು? ಸಂಧಿಯಾದ ಬಳಿಕವೂ ಏಕೆ ಬಿಡಲಿಲ್ಲ? ಅವನ ಆಸ್ಥಾನದ ಚರಿತ್ರೆಯೇ, ಪೋರ್ಚುಗೀಸರು ಹಿಂದೆ ಮುಸಲ್ಮಾನರಿಗೆ ಕೊಟ್ಟ ಕಾಟದ ಸೇಡೆಂದು ಇದನ್ನು ಹೊಗಳಿ ಬರೆದಿದೆ. ಇನ್ನು ಇಂಗ್ಲಿಷ್ ಲೇಖಕರು ಬರೆದದ್ದರಲ್ಲಿ ನಿಜವೂ ಉಂಟು, ಟಿಪ್ಪುವನ್ನು ರಾಕ್ಷಸನೆಂದು ತೋರಿಸಿ ತಮ್ಮ ಯುದ್ಧವನ್ನು ಸಮರ್ಥಿಸಿಕೊಳ್ಳುವ ಹಂಬಲವೂ ಉಂಟು. ಹೊಗಳುವ ಆಸ್ಥಾನಕವಿಯೂ ತೆಗಳುವ ಶತ್ರುವೂ, ಇಬ್ಬರೂ ಕಾರಣಗಳನ್ನು ಧಾರಾಳವಾಗಿ ಒದಗಿಸುತ್ತಾರೆ.

ತೀರ್ಥಹಳ್ಳಿಯಿಂದ ಶೃಂಗೇರಿ ದೂರವಲ್ಲ. 1791ರಲ್ಲಿ ಮರಾಠರ ದಂಡಿನ ಕೊಳ್ಳೆಗಾರರು ಶೃಂಗೇರಿಯ ಮಠವನ್ನು ಸೂರೆ ಮಾಡಿದಾಗ, ಇದೇ ಟಿಪ್ಪು ಜಗದ್ಗುರುಗಳಿಗೆ ದುಃಖದಿಂದ ಕಾಗದ ಬರೆದ. ಶಾರದೆಯ ಪುನಃಪ್ರತಿಷ್ಠೆಗಾಗಿ 200 ರಾಹತಿ ನಗದು ಹಣ ಕೊಡುವಂತೆ ನಮ್ಮ ನಗರದ ಅಸಫನಿಗೇ ಅಪ್ಪಣೆ ಮಾಡಿದ. ಆ ಕನ್ನಡ ಕಾಗದಗಳನ್ನು 1916ರಲ್ಲಿ ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾದ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಇಲ್ಲಿ ಒಂದು ಸ್ವಾರಸ್ಯವನ್ನು ನಾವು ಕಂಡಿದ್ದೇವೆ. 1784ರ ಸೆರೆ ಬರೀ ರಾಜಕೀಯವೆನ್ನುವವರೇ 1791ರ ಕಾಗದದಲ್ಲಿ ಹೃದಯದ ಔದಾರ್ಯವನ್ನು ಕಾಣುತ್ತಾರೆ. ಆ ಕಾಗದ ಯುದ್ಧಕಾಲದ ರಾಜತಂತ್ರವೆನ್ನುವವರೇ 1784ರ ಸೆರೆಯಲ್ಲಿ ಹೃದಯದ ದ್ವೇಷವನ್ನು ಕಾಣುತ್ತಾರೆ. ಒಂದೇ ಮನುಷ್ಯನಿಗೆ, ತಮಗೆ ಬೇಕಾದ ವರ್ಷದಲ್ಲಿ ಹೃದಯ, ಬೇಡವಾದ ವರ್ಷದಲ್ಲಿ ಬರೀ ಲೆಕ್ಕಾಚಾರ! ಹೀಗೆ ನೋಡುವವರು ಟಿಪ್ಪುವನ್ನು ನೋಡುತ್ತಿಲ್ಲ. ತಮ್ಮ ಇಷ್ಟಾನಿಷ್ಟಗಳನ್ನು ನೋಡುತ್ತಿದ್ದಾರೆ. ನಮ್ಮವರೂ ಇದಕ್ಕೆ ಹೊರತಲ್ಲ.

ಧರ್ಮಸಭೆಯ ಬೋಧನೆ ಇಲ್ಲಿ ನಮಗೆ ದಾರಿ ತೋರುತ್ತದೆಯೇ? ಸಂತ ತೋಮಸ್ ಅಕ್ವಿನಾಸರು ದುಡುಕಿನ ತೀರ್ಪನ್ನು ಕುರಿತು ಬರೆಯುತ್ತ, ಸಂದೇಹವಿದ್ದಲ್ಲಿ ನೆರೆಯವನ ಉದ್ದೇಶವನ್ನು ಒಳಿತಿನ ಕಡೆಗೇ ಅರ್ಥೈಸಬೇಕೆಂದು ಹೇಳುತ್ತಾರೆ. ಕೆಟ್ಟವನನ್ನು ಒಳ್ಳೆಯವನೆಂದು ಹಲವು ಸಲ ತಪ್ಪಾಗಿ ಭಾವಿಸಿದರೂ ಚಿಂತೆಯಿಲ್ಲ, ಒಳ್ಳೆಯವನನ್ನು ಒಮ್ಮೆ ಕೆಟ್ಟವನೆಂದು ಭಾವಿಸುವುದಕ್ಕಿಂತ ಅದು ಮೇಲೆಂಬುದು ಅವರ ನಿಲುವು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಇದನ್ನೇ ಅನುಸರಿಸಿದೆ. ಆದರೆ ಇದರಿಂದ ಕೃತ್ಯದ ತೀರ್ಪು ಸಡಿಲವಾಗುವುದಿಲ್ಲ. ಪಾಪನಿವೇದನೆಯ ಪೀಠದಲ್ಲಿ ನಾವು ನಮ್ಮ ಕೃತ್ಯವನ್ನೂ ನಮ್ಮ ಉದ್ದೇಶವನ್ನೂ ಹೇಳುತ್ತೇವೆ. ಪಕ್ಕದ ಮನೆಯವನ ಉದ್ದೇಶವನ್ನು ಹೇಳಲು ಅಲ್ಲಿ ಅವಕಾಶವಿಲ್ಲ. (ಹಾಗೆ ಹೇಳಲು ಹೊರಡುವವರು ಇದ್ದಾರೆಂದು ಗುರುಗಳು ನಗುತ್ತ ಒಪ್ಪಿಕೊಂಡಾರು.) ಒಳ್ಳೆಯ ಉದ್ದೇಶ ಕೃತ್ಯದ ನೋವನ್ನು ಅಳಿಸುವುದೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಸಾಗರ, ಹೊಸನಗರಗಳ ಎಷ್ಟೋ ಊರುಗಳು, ಅಡಿಕೆ ತೋಟಗಳು ಮುಳುಗಿದವು. ನಾಡಿಗೆ ಬೆಳಕು ಕೊಡುವ ಉದ್ದೇಶ ಒಳ್ಳೆಯದೇ. ಅದನ್ನು ಎಷ್ಟು ಸಲ ಹೇಳಿದರೂ ಮುಳುಗಿದ ತೋಟ ಮೇಲೆ ಬರಲಿಲ್ಲ. ಆ ಊರುಗಳ ಜನ ಇಂದಿಗೂ ಕೇಳುವುದು ಉದ್ದೇಶದ ಮಾತನ್ನಲ್ಲ, ನೆಲದ ಹಕ್ಕುಪತ್ರವನ್ನು.

ಈ ವಿವೇಚನೆ ಪಂಡಿತರ ಕಾಲಕ್ಷೇಪವೆಂದು ದಯಮಾಡಿ ತಿಳಿಯಬೇಡಿ. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿಯನ್ನು ಆರಂಭಿಸಿದಾಗ, 2019ರಲ್ಲಿ ಅದನ್ನು ನಿಲ್ಲಿಸಿದಾಗ, ಎರಡು ಸಲವೂ ನಮ್ಮ ಹಿರಿಯರ ಸೆರೆಯ ಕಥೆ ಬೀದಿಯ ಮಾತಾಯಿತು. ಅದುವರೆಗೆ ನಮ್ಮ ದೇವಾಲಯದ ಬಾಗಿಲಿಗೂ ಬಾರದವರು ನಮ್ಮ ನೋವಿನ ವಕ್ತಾರರಾಗಿ ನಿಂತರು. ಅಂಥವರ ಕೈಗೆ ನಮ್ಮ ಸತ್ತವರನ್ನು ಒಪ್ಪಿಸುವ ಮುನ್ನ ಎರಡು ಸಲ ಯೋಚಿಸಬೇಕು. ಉದ್ದೇಶವನ್ನು ಬರೀ ಮತದ್ವೇಷವೆಂದು ತೀರ್ಮಾನಿಸಿದೆವೆನ್ನಿ; ಅಲ್ಲಿಗೆ ನಿಲ್ಲುವುದಿಲ್ಲ, ಆ ಮತದವರೆಲ್ಲ ಅಪರಾಧಿಗಳಾಗುತ್ತಾರೆ, ಸಾಗರದ ಪೇಟೆಯಲ್ಲಿ ಮೂರು ತಲೆಮಾರಿನಿಂದ ನಮ್ಮೊಡನೆ ಲೇವಾದೇವಿ ನಡೆಸಿದ ಮನೆತನವೂ ಸೇರಿ. ಬರೀ ರಾಜಕೀಯವೆಂದು ತೀರ್ಮಾನಿಸಿದೆವೆನ್ನಿ; ಹಾದಿಯಲ್ಲಿ ಸತ್ತ ನಮ್ಮ ಅಜ್ಜಿಯರು ರಾಜದ್ರೋಹಿಗಳಾಗುತ್ತಾರೆ, ದಂಡನೆ ನ್ಯಾಯವಾಗಿಬಿಡುತ್ತದೆ. ಒಂದು ತೀರ್ಪು ಬದುಕಿರುವವರಿಗೆ ಅನ್ಯಾಯ, ಇನ್ನೊಂದು ಸತ್ತವರಿಗೆ. ನಮ್ಮ ಇಬ್ಬರು ತರುಣರು ಚಹಾದಂಗಡಿಯಲ್ಲಿ ಹಂಚಿಕೊಂಡಿದ್ದುದು ಈ ಎರಡು ಅನ್ಯಾಯಗಳನ್ನೇ.

ನಮ್ಮ ಉತ್ತರ ಇದು. ಭಯ, ಸೇಡು, ಮತಾಭಿಮಾನ, ರಾಜ್ಯದ ಲೆಕ್ಕಾಚಾರ ಇವೆಲ್ಲ ಆ ಮನುಷ್ಯನಲ್ಲಿ ಬೆರೆತಿದ್ದವೆಂದು ನಮಗೆ ತೋರುತ್ತದೆ. ಯಾವುದು ಎಷ್ಟು ಪಾಲೆಂದು ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಕೃತ್ಯವನ್ನು ಮಾತ್ರ ಅದರ ಹೆಸರಿನಿಂದಲೇ ಕರೆಯುತ್ತೇವೆ, ಯಾರ ಮುಲಾಜಿಗೂ ತಗ್ಗಿಸುವುದಿಲ್ಲ, ಯಾರ ಪ್ರಯೋಜನಕ್ಕೂ ಹಿಗ್ಗಿಸುವುದಿಲ್ಲ.

ಸೆರೆಹೋದವರು ಮಾಡಿದ್ದೇನು ಎಂಬುದನ್ನೂ ನಾವು ಕೇಳಬೇಕು. ಅರಸನ ಮನಸ್ಸಿಗಿಂತ ಅದು ನಮಗೆ ಹತ್ತಿರದ ವಿಷಯ. ಬಾಬಿಲೋನಿಯದ ಸೆರೆಯವರಿಗೆ ಯೆರೆಮೀಯನು ಕಾಗದ ಬರೆದು, ಮನೆ ಕಟ್ಟಿರಿ, ತೋಟ ಹಾಕಿರಿ, ಮಕ್ಕಳ ಮದುವೆ ಮಾಡಿರಿ, ನಿಮ್ಮನ್ನು ಒಯ್ದ ಆ ನಗರದ ಒಳಿತಿಗಾಗಿಯೇ ಪ್ರಾರ್ಥಿಸಿರಿ ಎಂದು ತಿಳಿಸಿದ. ನಮ್ಮವರಲ್ಲಿ ತಪ್ಪಿಸಿಕೊಂಡ ಕೆಲವರು ಕೊಡಗನ್ನು ಸೇರಿದರು. ಅಲ್ಲಿಯ ಅರಸ ದೊಡ್ಡ ವೀರರಾಜೇಂದ್ರನು ಆಶ್ರಯ ಕೊಟ್ಟುದರಿಂದ 1792ರಲ್ಲಿ ವಿರಾಜಪೇಟೆಯ ದೇವಾಲಯ ಎದ್ದಿತು. 1799ರ ಬಳಿಕ ಹಿಂದಿರುಗಿದವರು ಪಾಳುಬಿದ್ದ ಗದ್ದೆಗಳನ್ನು ಮತ್ತೆ ಉತ್ತರು. ಅವರ ಮೊಮ್ಮಕ್ಕಳಲ್ಲಿ, ಮರಿಮಕ್ಕಳಲ್ಲಿ ಕೆಲವರು ಕೆಲಸ ಹುಡುಕಿಕೊಂಡು, ಹಿಂದೆ ಮ್ಯಾಥ್ಯೂಸನ ಫಿರಂಗಿಗಳು ಹತ್ತಿದ ಘಟ್ಟಗಳನ್ನು ಹತ್ತಿ ಈ ಮಲೆನಾಡಿಗೆ ಬಂದರು. ಅವರು ನೆಟ್ಟ ಅಡಿಕೆ ಮರಗಳ ಅಡಿಕೆಯಿಂದಲೇ ಈ ದೇವಾಲಯದ ಗಂಟೆ ಬಂದಿತೆಂದು ಹಿರಿಯರು ಹೇಳುವುದುಂಟು.

ಆ ತರುಣರಿಬ್ಬರೂ ಇಂದು ಸಭೆಯಲ್ಲಿದ್ದಾರೆ. ಇಬ್ಬರಿಗೂ ನಮ್ಮ ಉತ್ತರ ಒಪ್ಪಿಗೆಯಾಗಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತದೆ. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನಗರಕ್ಕೆ, ಈ ಸಲ ಆನಂದಪುರದ ಮೇಲಿಂದ, ಹೋಗುವ ಏರ್ಪಾಡಿದೆ. ಬರುವವರು ಯುವಕರ ಸಂಘದಲ್ಲಿ ಹೆಸರು ಕೊಡಬೇಕು. ಅದೇ ಅಂಗಡಿಯಲ್ಲಿ ಚಹಾ ಕುಡಿಯೋಣ. ಆ ಹಿರಿಯರು ಒಪ್ಪಿದರೆ ಅವರ ಮನೆತನದವರು ಈ ಕಾಲದ ಬಗೆಗೆ ಏನು ಹೇಳುತ್ತ ಬಂದಿದ್ದಾರೆಂದು ಕೇಳೋಣ. ಬಸ್ಸಿನ ಹೊತ್ತನ್ನು ಈ ಬಾರಿ ನಾವು ಸರಿಯಾಗಿಯೇ ಹೇಳುತ್ತೇವೆ.